ನಾನ್‌ಸ್ಟಿಕ್ ಬಾಣಲೆಯೂ ಲೋಳೆಯಾದ ಬೆಂಡೆಕಾಯಿಯೂ

ಒಂದು ಮಾತು ಹೇಳ್ತೀನಿ, ಜಗಳಕ್ಕೆ ಬರೋರು ಬನ್ನಿ. ಮನೆಯ ಒಲೆ ಮೇಲೆ ಪಲ್ಯ ಹುರಿಯೋಕೆ ನಾನ್‌ಸ್ಟಿಕ್ ಬಾಣಲೆಯಷ್ಟು ಅಯೋಗ್ಯ ಪಾತ್ರೆ ಇನ್ನೊಂದಿಲ್ಲ. ಅದರಲ್ಲಿ ಆಮ್ಲೆಟ್ ಮಾಡ್ಕೊಳ್ಳಿ, ದೋಸೆ ಹುಯ್ಕೊಳ್ಳಿ, ನನ್ನ ತಕರಾರಿಲ್ಲ. ತಕರಾರೆಲ್ಲ ಹುರಿಯೋದರ ಬಗ್ಗೆ.

ಎಷ್ಟೋ ಮನೆಗಳಲ್ಲಿ ಇದೇ ಕಥೆ. ಅಜ್ಜಿ ಕಾಲದ ಕಬ್ಬಿಣದ ಬಾಣಲೆ ಗುಜರಿಯವನ ತಕ್ಕಡಿ ಸೇರಿರುತ್ತೆ, ಆ ಜಾಗಕ್ಕೆ ನುಣ್ಣಗಿನ ನಾನ್‌ಸ್ಟಿಕ್ ಬಂದಿರುತ್ತೆ. ಅವತ್ತಿನಿಂದ ಬೆಂಡೆಕಾಯಿ ಲೋಳೆ, ಎಲೆಕೋಸು ಮುದ್ದೆ. ಮಾತು ಕೇಳಬೇಕಾದವಳು ಮಾತ್ರ ಸೊಸೆ... "ಅತ್ತೆಯ ಕೈರುಚಿ ಇವಳಿಗೆ ಬರ್ಲಿಲ್ಲ!" ಅಲ್ಲಾ ಸ್ವಾಮೀ, ಅವಳ ಕೈ ಸರಿಯಾಗೇ ಇದೆ. ಬದಲಾಗಿರೋದು ಪಾತ್ರೆ.

ನಂಬಲ್ವಾ? ಲೆಕ್ಕ ಹಾಕೋಣ. ಅರ್ಧ ಕೆಜಿ ಬೆಂಡೆಕಾಯಲ್ಲಿ ಸುಮಾರು 450 ಗ್ರಾಂ ನೀರೇ. ಹುರಿಯುವಾಗ ಅದರಲ್ಲಿ 100 ಗ್ರಾಂ ಹೊರಬಂತು ಅಂದ್ಕೊಳ್ಳಿ. ಅಷ್ಟನ್ನು ಆವಿ ಮಾಡೋಕೆ 226 ಕಿಲೋಜೌಲ್ ಶಾಖ ಬೇಕು. ನಮ್ಮ ಗ್ಯಾಸ್ ಒಲೆಯ ಬರ್ನರ್ ಸುಮಾರು 2 ಕಿಲೋವಾಟಿನದು. ಅರ್ಧ ಶಾಖ ಪಾತ್ರೆಗೆ ಸಿಕ್ಕಿತು ಅಂದ್ರೂ ಆ ನೀರು ಹೋಗೋಕೆ ನಾಲ್ಕು ನಿಮಿಷ ಹತ್ತಿರ ಬೇಕು. ಅಷ್ಟು ಹೊತ್ತೂ ಬೆಂಡೆಕಾಯಿ ತನ್ನ ನೀರಲ್ಲೇ ಬೇಯ್ತಾ ಇರುತ್ತೆ. ನೀರು ಇರೋ ತನಕ ಅಲ್ಲಿ 100 ಡಿಗ್ರಿ ದಾಟಲ್ಲ, ದಾಟದೆ ಕಂದುಬಣ್ಣ, ಘಮ ಯಾವುದೂ ಬರಲ್ಲ. ಚೈನೀಸ್ ಹೋಟೆಲಿನವನು ತೆಳು ಬಾಣಲೆಯಲ್ಲೂ ಗೆಲ್ತಾನೆ, ಯಾಕಂದ್ರೆ ಅವನ ಭಟ್ಟಿಯ ಉರಿ ನಮ್ಮದರ ಹತ್ತು ಪಟ್ಟಿರುತ್ತೆ. ನಮಗೆ ಆ ಉರಿ ಇಲ್ಲ. ಹಾಗಾಗಿ ಶಾಖವನ್ನ ಮೊದಲೇ ಬಾಣಲೆಯಲ್ಲಿ ಕೂಡಿಡಬೇಕು.

2 ಕೆಜಿಯ ಕಬ್ಬಿಣದ ಬಾಣಲೆಯನ್ನ 230 ಡಿಗ್ರಿಗೆ ಕಾಯಿಸಿ ತರಕಾರಿ ಹಾಕಿ. ಅದು 130ಕ್ಕೆ ಇಳಿಯೋದ್ರೊಳಗೆ ಸುಮಾರು 90 ಕಿಲೋಜೌಲ್ ಬಿಟ್ಟುಕೊಡುತ್ತೆ. ಅಂದ್ರೆ ಒಂದೂವರೆ ನಿಮಿಷದ ಉರಿ ಬ್ಯಾಂಕಲ್ಲಿ ಇಟ್ಟ ಹಾಗೆ!

ನಾನ್‌ಸ್ಟಿಕ್‌ನಲ್ಲಿ ಈ ಕೆಲಸ ಮಾಡೋ ಹಾಗೇ ಇಲ್ಲ. ಅದರ ಲೇಪ ಪಿಟಿಎಫ್ಇ, 1938ರಲ್ಲಿ ರಾಯ್ ಪ್ಲಂಕೆಟ್ ಅನ್ನೋ ಅಮೆರಿಕದ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ಸಿಕ್ಕಿದ್ದು. ಸುಮಾರು 260 ಡಿಗ್ರಿ ದಾಟಿದ್ರೆ ಅದು ಕೆಡೋಕೆ ಶುರು. ಖಾಲಿ ಪಾತ್ರೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತೆ. ಅತಿಯಾಗಿ ಕಾದಾಗ ಬರೋ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿಗಳು ಸತ್ತಿರೋದುಂಟು. ಅದಕ್ಕೇ ಖಾಲಿ ಕಾಯಿಸಬೇಡಿ, ಉರಿ ಸಣ್ಣ ಇಡಿ ಅಂತ ತಯಾರಕರೇ ಹೇಳೋದು. ಸಣ್ಣ ಉರಿಯಲ್ಲಿ ಹುರಿಯೋದು ಹೇಗೆ ಅಂತ ಅವರೇ ಹೇಳ್ಲಿ!

"ಎಣ್ಣೆ ಕಡಿಮೆ ಸಾಕಲ್ವಾ?" ಅಂತೀರಿ. ಪಳಗಿದ ಕಬ್ಬಿಣದಲ್ಲಿ ಕಾಲು ಕೆಜಿ ಬೆಂಡೆಕಾಯಿಗೆ ಎರಡು ಚಮಚ ಎಣ್ಣೆ ಸಾಕು. ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಬಾಣಲೆ ಔಷಧಿ ಅಲ್ಲ, ಒಪ್ಪಿದೆ. ಆದ್ರೆ ಕಬ್ಬಿಣದ ಪಾತ್ರೆಯಿಂದ ಅಡುಗೆಗೆ ಒಂದಿಷ್ಟು ಕಬ್ಬಿಣಾಂಶ ಇಳಿಯೋದು ನಿಜ. ನಾನ್‌ಸ್ಟಿಕ್‌ನಿಂದ ಇಳಿಯೋದೇನು? ಗೀರು ಬಿದ್ದ ಮೇಲೆ ಲೇಪದ ಚೂರು.

ಹಾಗಾದ್ರೆ ಕೊಳ್ಳೋದು ಯಾವುದು? ನಾಲ್ಕು ಜನರ ಮನೆಗೆ 10-11 ಇಂಚು ಅಗಲದ, ಒಂದೂವರೆ ಎರಡು ಕೆಜಿ ತೂಗುವ, ಎರಡು ಹಿಡಿಯ ಕಬ್ಬಿಣದ ಬಾಣಲೆ. ಗ್ಯಾಸ್ ಒಲೆಗೆ ತಳ ಸ್ವಲ್ಪ ಗುಂಡಗಿದ್ರೂ ಪರವಾಗಿಲ್ಲ. ಇಂಡಕ್ಷನ್ ಇರೋರು, ಅಮೆರಿಕದಲ್ಲಿ ಕಾಯಿಲ್ ಅಥವಾ ಗಾಜಿನ ಒಲೆ ಇಟ್ಕೊಂಡಿರೋ ನಮ್ಮವರು ಚಪ್ಪಟೆ ತಳದ್ದನ್ನೇ ತಗೊಳ್ಳಿ. ಗುಂಡು ತಳದ್ದನ್ನು ಬಳೆ ಮೇಲೆ ಕೂರಿಸಿದ್ರೆ ಶಾಖ ದೂರ ಆಗುತ್ತೆ, ಅಷ್ಟೇ.

ತಂದ ಮೇಲೆ ತೊಳೆದು, ಉರಿಯಲ್ಲಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ಬರೋ ತನಕ ಕಾಯಿಸಿ ಒರೆಸಿ. ನಾಲ್ಕು ಸಲ ಹೀಗೆ ಮಾಡಿದ್ರೆ ಪಳಗುತ್ತೆ. ಹುಣಸೆಹುಳಿ, ಟೊಮೆಟೊ ಕುದಿಸೋದು ಬೇರೆ ಪಾತ್ರೆಯಲ್ಲಿ ಇರ್ಲಿ. ತೊಳೆದ ಕೂಡ್ಲೇ ಒಣಗಿಸಿ, ತುಕ್ಕು ಹತ್ತಿರ ಬರಲ್ಲ. ಹಾಂ, ಅರ್ಧ ಕೆಜಿ ತರಕಾರಿಯನ್ನ ಒಂದೇ ಸಲ ಸುರೀಬೇಡಿ, ಎರಡು ಸಲ ಹುರೀರಿ. ಎಷ್ಟೇ ಒಳ್ಳೇ ಬಾಣಲೆಗೂ ಒಂದು ಮಿತಿ ಇದೆ.

ನಾನ್‌ಸ್ಟಿಕ್‌ನ ಲೇಪ ಎದ್ದಾಗಲೆಲ್ಲ ಹೊಸದು ಕೊಳ್ಳಬೇಕು. ಕಬ್ಬಿಣದ್ದು ಮೊಮ್ಮಕ್ಕಳ ತನಕ ಬರುತ್ತೆ. ಗುಜರಿಯವನು ಬೀದಿಗೆ ಬರೋ ಮುಂಚೆ ಒಂದ್ಸಲ ಅಟ್ಟ ಹತ್ತಿ ನೋಡಿ. ಅಲ್ಲಿ ಬೋರಲು ಬಿದ್ದಿರೋ ಕರೀ ಬಾಣಲೆ ಕಂಡ್ರೆ ಕೆಳಗಿಳಿಸಿ, ತುಕ್ಕು ಉಜ್ಜಿ, ನಾಳೆನೇ ಬೆಂಡೆಕಾಯಿ ತನ್ನಿ. ಆಮೇಲೂ ಜಗಳ ಆಡ್ಬೇಕು ಅನ್ಸಿದ್ರೆ ಬನ್ನಿ, ನಾನು ರೆಡಿ :-)