ಮೊಬೈಲು ಹಿಡಿದ ಮೇಷ್ಟ್ರ ಪರವಾಗಿ

ಈಚೆಗೆ ಶಿಕ್ಷಕರ ಮಾತು ಎಲ್ಲಿ ಬಂದರೂ ಹಿಂದೆಯೇ ಮೊಬೈಲಿನ ಮಾತೂ ಬರುತ್ತದೆ. ನಿವೃತ್ತ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಸದಸ್ಯರು, ಕೆಲವು ಅಧಿಕಾರಿಗಳು, ಎಲ್ಲರದೂ ಒಂದೇ ರಾಗ: ಮೇಷ್ಟ್ರುಗಳು ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಗುಂಪು ಕಟ್ಟಿಕೊಂಡು ಕೆಟ್ಟರು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿರುವ ನಾನೂ ಅಂಥ ಎರಡು ಗುಂಪುಗಳಲ್ಲಿದ್ದೇನೆ. ಆದ್ದರಿಂದ ಉತ್ತರ ಕೊಡುವ ಬಾಧ್ಯತೆ ನನಗೂ ಇದೆ.

ಮೊದಲ ದೂರು, ‘ಪಾಠ ಬಿಟ್ಟು ಮೊಬೈಲು ನೋಡುತ್ತಾರೆ.’ ನೋಡುತ್ತೇವೆ. ಏನನ್ನು ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಬರುವುದು ‘ತುರ್ತು, ಹನ್ನೊಂದರೊಳಗೆ ಮಾಹಿತಿ ಕಳಿಸಿ’ ಎಂಬ ಸಂದೇಶ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತೆಗೆದುಕೊಂಡವರೆಷ್ಟು, ಸ್ಯಾಟ್ಸ್‌ನಲ್ಲಿ ಯಾರ ಹೆಸರು ಆಧಾರ್‌ಗೆ ತಾಳೆಯಾಗುತ್ತಿಲ್ಲ, ಯಾವ ಮಗುವಿನ ಶೂ ಅಳತೆ ಎಷ್ಟು. ಅದು ಆದೇಶದ ಗುಂಪು; ಅದನ್ನು ಬಿಟ್ಟು ಹೊರಬರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ನಾವೇ ಕಟ್ಟಿಕೊಂಡ ಗುಂಪು ಬಾಯಿಬಿಡುವುದು ರಾತ್ರಿ ಊಟವಾದ ಮೇಲೆ. ಎರಡನ್ನೂ ಒಂದೇ ಗಂಟು ಕಟ್ಟಿ ಬೈದರೆ ಏಟು ಬೀಳುವುದು ರಾತ್ರಿಯ ಗುಂಪಿಗೆ. ಹಗಲಿನದು ಮರುದಿನ ಹತ್ತೂವರೆಗೆ ಮತ್ತೆ ಹಾಜರಾಗುತ್ತದೆ.

ಎರಡನೆಯದು, ‘ಅಲ್ಲಿ ನಡೆಯುವುದು ನಕಲು.’ ಇದರಲ್ಲಿ ಅರ್ಧ ಸತ್ಯವಿದೆ, ಮುಚ್ಚಿಡುವುದಿಲ್ಲ. ಒಬ್ಬರ ಪಾಠಯೋಜನೆಗೆ ಇನ್ನೊಬ್ಬರು ತಮ್ಮ ಹೆಸರು ಹಾಕಿ ಪ್ರಿಂಟ್ ತೆಗೆಯುವುದನ್ನು ಕಂಡಿದ್ದೇನೆ. ಜನವರಿ ಬಂತೆಂದರೆ ಹೈಸ್ಕೂಲಿನವರ ಗುಂಪುಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಪಿಡಿಎಫ್‌ಗಳದೇ ಜಾತ್ರೆ. ಆದರೆ ಹೋದ ವರ್ಷ ನನಗಾದದ್ದನ್ನು ಕೇಳಿ.

ನನ್ನ ಆರನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು 0.3ಕ್ಕಿಂತ 0.25 ದೊಡ್ಡದು ಎಂದು ಬರೆದಿದ್ದರು. ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ ಸಾರ್, ಎಂಬುದು ಅವರ ವಾದ. ರಾತ್ರಿ ಅದನ್ನು ಗುಂಪಿಗೆ ಹಾಕಿದೆ. ದುಡ್ಡಿನಲ್ಲಿ ಹೇಳಿಕೊಡಿ, ಮೂವತ್ತು ಪೈಸೆ, ಇಪ್ಪತ್ತೈದು ಪೈಸೆ ಅಂದರು ಒಬ್ಬರು. ಇನ್ನೊಬ್ಬರು ತಡೆದರು: ಈಗಿನ ಮಕ್ಕಳು ಪೈಸೆಯ ಮುಖ ನೋಡಿಲ್ಲ, ಮೇಲಾಗಿ ದುಡ್ಡಿನ ಲೆಕ್ಕದಲ್ಲಿ ಬಿಂದುವಿನ ಎಡಕ್ಕೆ ರೂಪಾಯಿ, ಬಲಕ್ಕೆ ಪೈಸೆ ಅಂತ ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳಾಗಿಬಿಡುತ್ತವೆ, ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ನೂರು ಮನೆಯ ಚೌಕ ಕೊಟ್ಟು ಬಣ್ಣ ತುಂಬಿಸಿ, ಇಪ್ಪತ್ತೈದು ಮನೆ ಒಂದು ಕಡೆ, ಮೂವತ್ತು ಮನೆ ಇನ್ನೊಂದು ಕಡೆ, ಕಣ್ಣಿಗೇ ಕಾಣುತ್ತದೆ ಎಂದರು. ಸುಮಾರು ಹೊತ್ತು ಈ ಜಗ್ಗಾಟ ನಡೆಯಿತು. ಆಮೇಲೆ ಏಕೋಪಾಧ್ಯಾಯ ಶಾಲೆಯ ಮೇಡಂ ಒಬ್ಬರು ಒಂದೇ ಸಾಲು ಬರೆದರು: ‘ಸಾರ್, ನೀವು 0.25 ಅನ್ನ ಬಾಯಲ್ಲಿ ಹೇಗೆ ಓದ್ತೀರಿ?’

ನಾನು ಇಷ್ಟು ವರ್ಷವೂ ‘ಸೊನ್ನೆ ಬಿಂದು ಇಪ್ಪತ್ತೈದು’ ಎಂದೇ ಓದುತ್ತ ಬಂದವನು. ಎರಡು, ಐದು ಎಂದು ಬಿಡಿಬಿಡಿಯಾಗಿ ಓದಬೇಕಿತ್ತು. ಮಕ್ಕಳು ಇಪ್ಪತ್ತೈದನ್ನು ಕಲಿತದ್ದು ನನ್ನ ನಾಲಿಗೆಯಿಂದಲೇ. ಇದನ್ನೂ ನಕಲು ಎನ್ನುವವರು ಎನ್ನಲಿ.

‘ತರಬೇತಿಗಳಿವೆ, ಕ್ಲಸ್ಟರಿನ ಸಮಾಲೋಚನಾ ಸಭೆ ಇದೆ, ಮತ್ತೆ ಈ ಗುಂಪು ಯಾಕೆ?’ ಎಂಬುದು ಮೂರನೆಯ ಪ್ರಶ್ನೆ. ಆ ಮೇಡಂಗೆ ಸ್ಟಾಫ್‌ ರೂಮೇ ಇಲ್ಲ. ಬೀಗ ತೆಗೆಯುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಭಾಗಾಕಾರ ಅರ್ಥವಾಗದ ಮಗುವಿನ ಬಗ್ಗೆ ಅವರು ಯಾರ ಜೊತೆ ಮಾತಾಡಬೇಕು, ಬಿಸಿಯೂಟದ ಅಡುಗೆಯವರ ಜೊತೆಯೇ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿಪರ ಕಲಿಕೆ ಬೇಕೆನ್ನುತ್ತದೆ. ಆನ್‌ಲೈನ್ ಕೋರ್ಸಿನ ವಿಡಿಯೋ ಓಡಲು ಬಿಟ್ಟು ಕಾಯಿ ತುರಿದರೂ ಪ್ರಮಾಣಪತ್ರ ಬರುತ್ತದೆ. ಆ ರಾತ್ರಿಯ ದಶಮಾಂಶಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ.

ಇದೇನು ಮೊಬೈಲು ತಂದ ಹೊಸ ಚಟವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಕಲಿಕಾ ಏಣಿ, ಕಾರ್ಡುಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಕೂತು ತಯಾರಿಸಿದರು. ನಲಿಕಲಿ ಹುಟ್ಟಿದ್ದು ಹಾಗೆ, ಶಿಕ್ಷಕರು ಶಿಕ್ಷಕರನ್ನು ಕಂಡು. ಅದು ಇಡೀ ರಾಜ್ಯಕ್ಕೆ ಹಬ್ಬಿದ್ದು ಆಮೇಲೆ. 2011ರ ಸುಮಾರಿಗೆ ಪ್ರೌಢಶಾಲೆಯವರಿಗಾಗಿ ವಿಷಯ ಶಿಕ್ಷಕರ ವೇದಿಕೆ ಶುರುವಾದಾಗ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರು ಇ-ಮೇಲ್‌ನಲ್ಲೇ ಒಬ್ಬರನ್ನೊಬ್ಬರು ಕೇಳಿ ಕಲಿಯುತ್ತಿದ್ದರು. ಅದು ಸರ್ಕಾರವೇ ಕೈಜೋಡಿಸಿ ನಡೆಸಿದ ಕಾರ್ಯಕ್ರಮ. ಆಗ ಭೇಷ್ ಅನ್ನಿಸಿಕೊಂಡದ್ದು ಈಗ ಕೈಯಳತೆಯ ಪರದೆಗೆ ಬಂದ ಕೂಡಲೇ ಅಪರಾಧವಾಯಿತೇ?

ನಾಲ್ಕನೆಯ ದೂರಿಗೆ ನನ್ನಲ್ಲಿ ಮರುಮಾತಿಲ್ಲ. ಮಕ್ಕಳನ್ನು ಕುಣಿಸಿ ರೀಲ್ಸ್ ಮಾಡಿ ಹಾಕುವವರಿದ್ದಾರೆ. ತಪ್ಪು ಉತ್ತರ ಹೇಳಿದ ಮಗುವಿನ ಮುಖ ತೋರಿಸಿ ನಗುವವರೂ ಇದ್ದಾರೆ, ಅದಂತೂ ಹೇಸಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ನಮ್ಮ ಗುಂಪಿನಲ್ಲಿ ಮಗುವಿನ ಮುಖ, ಹೆಸರು ಎರಡೂ ನಿಷಿದ್ಧ. ನೋಟ್‌ಬುಕ್ಕಿನ ಪುಟ ಮಾತ್ರ ಬರಬಹುದು. ಇಷ್ಟು ಹೇಳಿ ಒಂದು ಮಾತು ಸೇರಿಸುತ್ತೇನೆ: ಹಗಲಿನ ಗುಂಪಿಗೆ ಊಟದ ಸಾಲಿನ ಫೋಟೋ ದಿನವೂ ಬೇಕೆನ್ನುವವರು ಯಾವ ತಂದೆತಾಯಿಯ ಒಪ್ಪಿಗೆ ಕೇಳಿದ್ದಾರೆ?

ಉಳಿದದ್ದು ‘ನಡತೆ ನಿಯಮ ಗೊತ್ತಲ್ಲ?’ ಎಂಬ ಎಚ್ಚರಿಕೆ. ಗೊತ್ತು. 2021ರ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು ಸರ್ಕಾರಿ ನೌಕರ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಕೂಡದು ಎನ್ನುತ್ತವೆ. ಆಗಲಿ. ‘ಈ ಅಧ್ಯಾಯ ಆರನೇ ತರಗತಿಗೆ ಭಾರವಾಯಿತು’ ಎಂದು ಒಬ್ಬ ಶಿಕ್ಷಕಿ ಬರೆದರೆ ಅದು ಟೀಕೆಯೋ, ಕಸುಬಿನ ಮಾತೋ? ಇದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿ ಎಂದು ಸಭೆಯೊಂದರಲ್ಲಿ ಕೇಳಿದೆ. ‘ನೋಡಿಕೊಂಡು ಬರೀರಿ’ ಎಂಬ ಉತ್ತರ ಸಿಕ್ಕಿತು, ಅದೂ ಬಾಯಿಮಾತಿನಲ್ಲಿ. ಅಂದಿನಿಂದ ನಮ್ಮಲ್ಲಿ ಕೆಲವರು ಬರೆದದ್ದನ್ನು ಹತ್ತು ನಿಮಿಷದೊಳಗೆ ಅಳಿಸಿಬಿಡುತ್ತಾರೆ. ಭಾಗಾಕಾರದ ಬಗ್ಗೆ ಬರೆದದ್ದನ್ನೂ.