ಹೊರೆ ಹಿಡಿಯುವ ವಾಲ್ವ್‌ಗೆ ಪೋರ್ಟ್ ಅಳತೆ ಸಾಲದು

ಕೌಂಟರ್‌ಬ್ಯಾಲೆನ್ಸ್ ವಾಲ್ವನ್ನು ಸಿಲಿಂಡರಿನ ಪೋರ್ಟ್ ನೋಡಿ ಆರಿಸಿ, ಅನುಮಾನವಿದ್ದರೆ ಒಂದು ಸೈಜ್ ದೊಡ್ಡದು ಹಾಕಿ ಎಂದು ಕಳೆದ ಸಂಚಿಕೆಯಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಈ ಸಲಹೆ ಅಪಾಯಕಾರಿ. ಎತ್ತಿದ ಹೊರೆಯ ಹತ್ತಿರ ಕೆಲಸಗಾರರು ಓಡಾಡುತ್ತಿರುತ್ತಾರೆ.

100 ಮಿ.ಮೀ. ಬೋರ್, 70 ಮಿ.ಮೀ. ರಾಡ್ ಇರುವ, 10 ಟನ್ ಹೊತ್ತು ನೆಟ್ಟಗೆ ನಿಂತ ಸಿಲಿಂಡರನ್ನೇ ತೆಗೆದುಕೊಳ್ಳಿ. ಇಳಿಸುವಾಗ ಪಂಪ್ ರಾಡ್ ಕಡೆಗೆ ನಿಮಿಷಕ್ಕೆ 40 ಲೀಟರ್ ಕೊಟ್ಟರೆ ಬೋರ್ ಕಡೆಯಿಂದ ಸುಮಾರು 78 ಲೀಟರ್ ಹೊರಬರುತ್ತದೆ. ವಾಲ್ವ್ ತಡೆದುಕೊಳ್ಳಬೇಕಾದ ಹರಿವು ಇದು. ಪೋರ್ಟ್ ಇದನ್ನು ಹೇಳುವುದಿಲ್ಲ. ಹಾಗೆಂದು ತೀರಾ ದೊಡ್ಡದು ಹಾಕಿದರೆ ವಾಲ್ವ್ ಕೂದಲೆಳೆಯಷ್ಟು ತೆರೆದು, ಮುಚ್ಚಿ, ಮತ್ತೆ ತೆರೆದು ಹೊರೆಯನ್ನು ಕುಲುಕಾಡಿಸುತ್ತದೆ.

ಆ ಲೇಖಕರು 10:1 ಪೈಲಟ್ ಅನುಪಾತವನ್ನು ಹೊಗಳಿರುವುದು ಇನ್ನೂ ಕೆಟ್ಟದ್ದು. ಈ ಹೊರೆಗೆ ಬೋರ್ ಕಡೆ ಒತ್ತಡ ಸುಮಾರು 125 ಬಾರ್. ರೂಢಿಯಂತೆ ಅದರ 1.3 ಪಟ್ಟು ಎಂದರೆ ಸೆಟ್ಟಿಂಗ್ 162. ತೆರೆಯಲು 3:1 ವಾಲ್ವ್‌ಗೆ ರಾಡ್ ಕಡೆ ಹತ್ತೂವರೆ ಬಾರ್ ಬೇಕು, 10:1ಕ್ಕೆ ಮೂರೂವರೆ. ಖಾಲಿ ಇಳಿಸುವಾಗ ಉಳಿತಾಯ ಹೆಚ್ಚು, ನಿಜ. ಆದರೆ ತುಂಬಿದ ಹೊರೆಯಲ್ಲಿ ಬರೀ 7 ಬಾರ್ ಉಳಿಸಲು ಹೋಗಿ, ಪೈಲಟ್ ಲೈನಿನ ಸಣ್ಣ ಏರಿಳಿತಕ್ಕೂ ವಾಲ್ವ್ ಕುಣಿಯುವಂತೆ ಮಾಡುತ್ತೀರಿ. ಹೊರೆ ಒಂದೇ ಸಮನಿರುವ ಕಡೆ ದೊಡ್ಡ ಅನುಪಾತ ನಡೆದೀತು. ಕ್ರೇನ್ ಬೂಮಿನಂತೆ ಹೊರೆ ಬದಲಾಗುತ್ತಲೇ ಇರುವಲ್ಲಿ 3:1ರ ಆಸುಪಾಸೇ ಸರಿ.

ವಾಲ್ವನ್ನು ಕಂಟ್ರೋಲ್ ಬ್ಲಾಕ್ ಪಕ್ಕ ಕೂರಿಸಬಹುದೆಂಬ ಅವರ ಮಾತನ್ನಂತೂ ಸುತರಾಂ ಒಪ್ಪಲಾರೆ. ನಡುವಿನ ಹೋಸ್ ಒಡೆದರೆ ಹೊರೆ ಬೀಳುತ್ತದೆ. ವಾಲ್ವನ್ನು ಸಿಲಿಂಡರಿನ ಪೋರ್ಟಿಗೇ ಬಿಗಿಯಬೇಕು.