ಲೈಫ್‌ಟೈಮ್ ಅಂದರೆ ಎಷ್ಟು ವರ್ಷ?

ಮೊಬೈಲ್ ಕಂಪನಿಗಳನ್ನು ಬೈಯುವವರಲ್ಲಿ ಎರಡು ಗುಂಪು. ಮೊದಲನೆಯವರಿಗೆ ಮೊಬೈಲೇ ಆಗದು. ಮಕ್ಕಳು ಹಾಳಾದರು, ಓದು ಹಾಳಾಯಿತು, ಗುಬ್ಬಚ್ಚಿಗಳು ಸತ್ತವು ಎಂದು ಅವರು ಮೊಬೈಲಿನಲ್ಲೇ ಟೈಪು ಮಾಡಿ ಎಲ್ಲರಿಗೂ ಕಳಿಸುತ್ತಿರುತ್ತಾರೆ. ನಾನು ಎರಡನೆಯ ಗುಂಪಿನವನು. ನನಗೆ ಮೊಬೈಲೆಂದರೆ ಹುಚ್ಚು. ಹೊಸ ಸೆಟ್ಟು ಬಂತೆಂದರೆ ಅದರ ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಎಂದು ನೋಡುವವರೆಗೆ ನಿದ್ದೆ ಬರುವುದಿಲ್ಲ. ಶಹಾಪುರದ ರಿಪೇರಿ ಅಂಗಡಿಗಳಲ್ಲಿ ಕಳೆದ ತಾಸುಗಳನ್ನು ಲೈಬ್ರರಿಯಲ್ಲಿ ಕಳೆದಿದ್ದರೆ ಇಷ್ಟೊತ್ತಿಗೆ ಪಿಎಚ್‌ಡಿ ಆಗುತ್ತಿತ್ತು ಎಂದು ಮನೆಯವರು ಹೇಳುವುದುಂಟು. ಹಾಗಾಗಿ ಈ ಬರಹ ಮೊಬೈಲಿನ ವಿರುದ್ಧದ್ದಲ್ಲ. ಮೊಬೈಲು ಕೊಟ್ಟ ಮಾತು ಉಳಿಸಿಕೊಂಡಿತು, ಅದರೊಳಗಿನ ಸಿಮ್ ಮಾರಿದವರು ಉಳಿಸಿಕೊಳ್ಳಲಿಲ್ಲ ಎಂಬುದಷ್ಟೇ ನನ್ನ ತಕರಾರು.

2003ರಲ್ಲಿ ಬಂದ ನೋಕಿಯಾ 1100 ಅನ್ನು ನೆನೆಸಿಕೊಳ್ಳಿ. ತಲೆಯ ಮೇಲೊಂದು ಟಾರ್ಚು, ದೂಳು ಹೊಗದ ಕೀಪ್ಯಾಡು. ನಡುರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಪಂಪು ಚಾಲೂ ಮಾಡಲು ಹೊಲಕ್ಕೆ ಹೋಗುವ ನಮ್ಮ ಕಡೆಯ ರೈತರಿಗೆ ಆ ಟಾರ್ಚು ಫೋನಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ಟದು. ಆಮೇಲೆ ಆಂಡ್ರಾಯ್ಡ್ ಬಂತು. ಮೊದಮೊದಲು ಅದರಲ್ಲಿ ಕನ್ನಡವೆಂದರೆ ಸಾಲುಸಾಲು ಖಾಲಿ ಚೌಕಗಳು. 2012ರಲ್ಲಿ ಜೆಲ್ಲಿಬೀನ್ ಎಂಬ 4.1ನೇ ಆವೃತ್ತಿ ಕನ್ನಡವನ್ನು ಸೇರಿಸಿಕೊಂಡ ಮೇಲೆ ಚೌಕಗಳ ಜಾಗದಲ್ಲಿ ಅಕ್ಷರಗಳು ಬಂದವು. ನೀವು ಈಗ ಬಸ್ಸಿನಲ್ಲಿ ನಿಂತುಕೊಂಡೇ ಇದನ್ನು ಓದುತ್ತಿದ್ದರೆ ಅದರ ಪುಣ್ಯ ಆ ಬದಲಾವಣೆಗೂ ಸೇರಬೇಕು. ಯಂತ್ರ ವರ್ಷದಿಂದ ವರ್ಷಕ್ಕೆ ಸುಧಾರಿಸಿತು, ಸೋವಿಯೂ ಆಯಿತು.

ಸಿಮ್ಮಿನ ಕಥೆಯೂ ಚೆನ್ನಾಗಿಯೇ ಶುರುವಾಗಿತ್ತು. ಈ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಬರುವ ಕರೆಗೂ ದುಡ್ಡು ಕೊಡಬೇಕಾಗಿದ್ದ ಕಾಲ ಅದು. ಬಿಎಸ್ಸೆನ್ನೆಲ್ 2002ರ ಅಕ್ಟೋಬರಿನಲ್ಲಿ ಮೊಬೈಲ್ ಸೇವೆಗೆ ಇಳಿಯಿತು, 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾಯಿತು. ನಂಬರು ನೋಡಿದರೆ ಸಾಕು, ಯಾವ ಕಂಪನಿ ಎಂದು ಗೊತ್ತಾಗುತ್ತಿತ್ತು. 98440 ಎಂದರೆ ಸ್ಪೈಸ್, 98450 ಎಂದರೆ ಏರ್‌ಟೆಲ್, 98860 ಎಂದರೆ ಹಚ್, 94480 ಎಂದರೆ ಬಿಎಸ್ಸೆನ್ನೆಲ್. ಆಗ ನಾವೆಲ್ಲ ಟಾಕ್‌ಟೈಮಿಗೆ ಒಂದು ಸೊಗಸಾದ ಹೆಸರಿಟ್ಟಿದ್ದೆವು: ಕರೆನ್ಸಿ. ‘ಐವತ್ತು ರೂಪಾಯಿ ಕರೆನ್ಸಿ ಹಾಕ್ರಿ’ ಎಂದರೆ ಅಂಗಡಿಯವನಿಗೆ ಅರ್ಥವಾಗುತ್ತಿತ್ತು. ಯಾವ ಕಂಪನಿಯೂ ಕಲಿಸದ ಈ ಹೆಸರಿನಲ್ಲಿ ಒಂದು ನ್ಯಾಯವಿತ್ತು. ಕರೆನ್ಸಿ ಎಂದರೆ ನನ್ನ ದುಡ್ಡು. ನಾನು ಮಾತಾಡಿದಷ್ಟು ಕರಗುತ್ತದೆ, ಮಾತಾಡದಿದ್ದರೆ ಉಳಿಯುತ್ತದೆ. ಉಳಿಸಲು ಮಿಸ್ ಕಾಲ್ ಎಂಬ ಉಪಾಯವೂ ಇತ್ತು.

ಈಗ ಆ ಮಾತು ಬಳಕೆಯಿಂದ ಮರೆಯಾಗುತ್ತಿದೆ. ವ್ಯಾಪಾರವೇ ಬದಲಾಯಿತಲ್ಲ! ಅಂದು ಮಾತನ್ನು ಕೊಂಡುಕೊಳ್ಳುತ್ತಿದ್ದ ನಾವು ಇಂದು ದಿನಗಳನ್ನು ಕೊಂಡುಕೊಳ್ಳುತ್ತಿದ್ದೇವೆ. ನಂಬರು ಜೀವಂತ ಇರಬೇಕಾದರೆ ಬಾಡಿಗೆ ಕಟ್ಟಬೇಕು. ಈ ಬದಲಾವಣೆ ಆದದ್ದು ಹೇಗೆ ಎಂದು ತಿಳಿಯಲು ಕಂಪನಿಗಳು ಬಳಸಿದ ಒಂದೊಂದೇ ಶಬ್ದವನ್ನು ಎತ್ತಿಕೊಂಡು ನೋಡಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕೆಲಸ ಹೊಸದಲ್ಲ.

ಮೊದಲ ಶಬ್ದ ‘ಲೈಫ್‌ಟೈಮ್’. 2005ರ ಡಿಸೆಂಬರಿನಲ್ಲಿ ಕಂಪನಿಗಳು ಪೈಪೋಟಿಯ ಮೇಲೆ 999 ರೂಪಾಯಿಯ ಲೈಫ್‌ಟೈಮ್ ಯೋಜನೆ ತಂದವು. ಒಮ್ಮೆ ಕಟ್ಟಿದರೆ ಜೀವನಪೂರ್ತಿ ಒಳಬರುವ ಕರೆ ಉಚಿತ ಎಂದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋದ ಮಕ್ಕಳ ದನಿ ಕೇಳಬೇಕೆಂದು ನಮ್ಮ ಹಳ್ಳಿಗಳ ತಂದೆತಾಯಿಗಳು ಅದನ್ನೂ ಕಟ್ಟಿದರು. ಜೀವನ ಎಂದರೆ ಗ್ರಾಹಕನ ಜೀವನವಲ್ಲ, ಕಂಪನಿಯ ಲೈಸೆನ್ಸಿನ ಜೀವನ ಎಂಬ ವಿವರಣೆ ಸಣ್ಣ ಅಕ್ಷರದಲ್ಲಿತ್ತು. 2018ರ ಕೊನೆಗೆ ಅದೂ ಮುಗಿಯಿತು. ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕದಿದ್ದರೆ ಒಳಬರುವ ಕರೆಯೂ ನಿಲ್ಲುತ್ತದೆ ಎಂದು ಮೆಸೇಜು ಬಂತು. ಕಟ್ಟಿದವರು ಬದುಕಿಯೇ ಇದ್ದರು, ಲೈಫ್‌ಟೈಮ್ ಮಾತ್ರ ಹದಿಮೂರನೆಯ ವಯಸ್ಸಿಗೆ ತೀರಿಕೊಂಡಿತ್ತು.

ಆ 35ರ ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಏರ್‌ಟೆಲ್‌ನ ದರಪಟ್ಟಿಯನ್ನೇ ಹಿಡಿದು ಹೇಳುವುದಾದರೆ, ನಂಬರು ಚಾಲೂ ಇಡುವ 28 ದಿನದ ಕನಿಷ್ಠ ಪ್ಯಾಕು 2021ರ ನವೆಂಬರಿನಲ್ಲಿ 99 ಆಯಿತು, 2024ರ ಜುಲೈನಲ್ಲಿ 199 ಆಯಿತು. ಬೇರೆ ಖಾಸಗಿ ಕಂಪನಿಗಳೂ ಹಿಂದೆ ಬೀಳಲಿಲ್ಲ. ಆರು ವರ್ಷದೊಳಗೆ ಐದು ಪಟ್ಟಿಗೂ ಹೆಚ್ಚು. ನಮ್ಮ ತೊಗರಿಯ ದರ, ಹತ್ತಿಯ ದರ ಆರು ವರ್ಷದಲ್ಲಿ ಐದು ಪಟ್ಟು ಏರಿದ್ದನ್ನು ಯಾರಾದರೂ ಕಂಡಿದ್ದರೆ ಹೇಳಿ.

ಎರಡನೆಯ ಶಬ್ದ ‘ತಿಂಗಳು’. ಇಡೀ ಲೋಕಕ್ಕೆ ವರ್ಷಕ್ಕೆ ಹನ್ನೆರಡು ತಿಂಗಳು. ಮೊಬೈಲ್ ಕಂಪನಿಗೆ ಹದಿಮೂರು. 28 ದಿನಕ್ಕೊಂದು ರೀಚಾರ್ಜ್ ಎಂದರೆ 364 ದಿನಕ್ಕೆ ಹದಿಮೂರು ಸಲ. 2022ರ ಜನವರಿಯಲ್ಲಿ ಟ್ರಾಯ್ ಮಧ್ಯೆ ಬಂದು, 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವುದೊಂದು ಪ್ಯಾಕನ್ನಾದರೂ ಇಡಿ ಎಂದಿತು. ಇಟ್ಟರು. ಆದರೆ ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಇಂದಿಗೂ ಎದ್ದು ಕಾಣುವುದು 28, 56, 84. ಇನ್ನು ಲೆಕ್ಕ ಹಾಕಿ. 199ನ್ನು ಹದಿಮೂರರಿಂದ ಗುಣಿಸಿದರೆ 2587. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. ಅಂದರೆ ಸುರಪುರದ ಕೂಲಿಕಾರ ಹೆಣ್ಣುಮಗಳೊಬ್ಬಳು ತನ್ನ ಕೀಪ್ಯಾಡ್ ಫೋನು ರಿಂಗಾಗಲಿ ಎಂಬುದಕ್ಕಷ್ಟೇ ವರ್ಷದಲ್ಲಿ ಏಳು ದಿನ ಮಣ್ಣು ಹೊರಬೇಕು.

ಇಲ್ಲಿ ಒಂದು ಎದುರು ವಾದ ಏಳುತ್ತದೆ, ಅದನ್ನು ಮರೆಮಾಚುವುದು ಸರಿಯಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಸೋವಿಯಾಯಿತು. ಜಗತ್ತಿನಲ್ಲೇ ಅತಿ ಅಗ್ಗವಾಗಿ ಡೇಟಾ ಸಿಗುವ ದೇಶಗಳಲ್ಲಿ ನಮ್ಮದೂ ಒಂದು. ಕೋಚಿಂಗ್‌ಗೆಂದು ಧಾರವಾಡಕ್ಕೆ ಹೋಗಲಾಗದ ಯಾದಗಿರಿಯ ಹುಡುಗರು ಯೂಟ್ಯೂಬಿನಲ್ಲೇ ಪಾಠ ಕೇಳಿ ಪರೀಕ್ಷೆ ಬರೆಯುತ್ತಿದ್ದಾರೆ. ಇದೆಲ್ಲ ನಿಜ, ಒಳ್ಳೆಯದೂ ಹೌದು. ಆದರೆ ಅಗ್ಗವಾದದ್ದು ಯಾರಿಗೆ? ಹೆಚ್ಚು ಬಳಸುವವನಿಗೆ. ಬರೀ ಮಾತಾಡುವವರಿಗೆ ಅದು ತುಟ್ಟಿಯಾಯಿತು. ಸಂತೆಗೆ ಹೋಗಿ ಪಾವು ಕೆಜಿ ಮೆಣಸಿನಕಾಯಿ ಕೇಳಿದ ಮುದುಕಿಗೆ, ‘ಬಿಡಿ ಕೊಡಲ್ಲಬೇ, ಮೂಟೆ ತಗೋ, ಕೆಜಿ ಲೆಕ್ಕದಾಗ ಸೋವಿ ಬೀಳ್ತದ’ ಎಂದರೆ ಹೇಗಿರುತ್ತದೆ? ಕೀಪ್ಯಾಡ್ ಸೆಟ್ಟಿಗೆ ದಿನಕ್ಕೆ ಒಂದೂವರೆ ಜಿಬಿ ಕಟ್ಟಿಕೊಟ್ಟವರ ಮಾತೂ ಇದೇ.

ಇದು ನನ್ನೊಬ್ಬನ ಗೊಣಗಾಟವಲ್ಲ. 2024ರ ಡಿಸೆಂಬರಿನಲ್ಲಿ ಟ್ರಾಯ್ ತಾನೇ ನಿಯಮ ತಿದ್ದಿ, ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕು ಕೊಡಲೇಬೇಕು ಎಂದಿತು. ಕಂಪನಿಗಳು ಕೊಟ್ಟ ರೀತಿ ನೋಡಿ. ಮರು ತಿಂಗಳು ಬಂದವು 84 ದಿನದ ಮತ್ತು ಸುಮಾರು ವರ್ಷದ ಪ್ಯಾಕುಗಳು. ಮೂರು ತಿಂಗಳೂ ತುಂಬದ ಚಿಕ್ಕದಕ್ಕೇ 450 ರೂಪಾಯಿಯ ಆಸುಪಾಸು. ಡೇಟಾ ಕಿತ್ತುಕೊಂಡರು, ದರ ಇಳಿಸಿದ್ದು ಅಷ್ಟಕ್ಕಷ್ಟೆ. ವಾರಕ್ಕೊಮ್ಮೆ ಬಟವಾಡೆ ಎಣಿಸುವ ಕೂಲಿಯವರು ಒಂದೇ ಏಟಿಗೆ 450 ಎಲ್ಲಿಂದ ತರಬೇಕು? ಆದೇಶದ ಅಕ್ಷರ ಪಾಲಿಸಿ ಅರ್ಥವನ್ನು ಕೊಲ್ಲುವುದು ಎಂದರೆ ಇದು.

ಮೂರನೆಯ ಶಬ್ದ ‘ಕವರೇಜ್’. ಸುತ್ತ ಗುಡ್ಡಗಳಿರುವ ಸುರಪುರವನ್ನು ನಾಯಕ ಅರಸರು ರಾಜಧಾನಿ ಮಾಡಿಕೊಂಡಿದ್ದು ಶತ್ರು ಸುಲಭಕ್ಕೆ ಒಳಗೆ ಬರಬಾರದೆಂದು. ಈಗ ಸಿಗ್ನಲ್ಲೂ ಒಳಗೆ ಬರುವುದಿಲ್ಲ ಎಂದು ನಾವು ತಮಾಷೆ ಮಾಡಿಕೊಳ್ಳುತ್ತೇವೆ. ಆದರೆ ಗುಡ್ಡ ಬರೀ ನೆಪ. ಕೃಷ್ಣೆ, ಭೀಮೆಯರ ದಂಡೆಯ ಬಯಲು ಊರುಗಳಲ್ಲೂ ರೇಂಜ್ ಹುಡುಕಿಕೊಂಡು ಮಾಳಿಗೆ ಹತ್ತುವವರಿದ್ದಾರೆ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿಯಿಂದ ಮೊಬೈಲ್ ಆ್ಯಪಿನಲ್ಲೇ ಹಾಜರಿ ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಫೋಟೊ. ತೆಗೆದ ಫೋಟೊ ಮೇಲೇರಲು ನೆಟ್ ಬೇಕು. ಟವರ್ ಸತ್ತರೆ ಕಂಪನಿಗೆ ಅದೊಂದು ತಾಂತ್ರಿಕ ಅಡಚಣೆ, ಬಿಸಿಲಲ್ಲಿ ಮಣ್ಣು ಹೊತ್ತವರಿಗೆ ಒಂದು ದಿನದ ಕೂಲಿ.

ಪರಿಹಾರದ ನಿಯಮ ಇಲ್ಲವೇ? ಇದೆ. 2024ರ ಗುಣಮಟ್ಟದ ನಿಯಮಗಳ ಪ್ರಕಾರ 24 ತಾಸಿಗಿಂತ ಹೆಚ್ಚು ಸೇವೆ ನಿಂತರೆ ಪ್ರೀಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ಹೆಚ್ಚಿಸಿ ಕೊಡಬೇಕು. ಆದರೆ ಲೆಕ್ಕ ಜಿಲ್ಲಾ ಮಟ್ಟದ್ದು. ಹುಣಸಗಿ ಕಡೆಯ ಒಂದು ಹಳ್ಳಿಯ ಒಂದೇ ಟವರು ವಾರಗಟ್ಟಲೆ ಸತ್ತು ಬಿದ್ದಿದ್ದರೂ ಯಾದಗಿರಿ ಜಿಲ್ಲೆ ‘ಚಾಲೂ’ ಇರುತ್ತದೆ. ಇದಕ್ಕೂ ಮೊದಲು 2015ರಲ್ಲಿ ಕಡಿದುಹೋದ ಪ್ರತಿ ಕರೆಗೆ ಒಂದು ರೂಪಾಯಿಯಂತೆ ದಿನಕ್ಕೆ ಮೂರು ರೂಪಾಯಿವರೆಗೆ ಕೊಡಬೇಕೆಂದು ಟ್ರಾಯ್ ಹೇಳಿತ್ತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋಗಿ 2016ರ ಮೇ ತಿಂಗಳಲ್ಲಿ ಅದನ್ನು ರದ್ದು ಮಾಡಿಸಿಕೊಂಡು ಬಂದವು. ಮೂರು ರೂಪಾಯಿ ಉಳಿಸಲು ದೆಹಲಿಯ ದೊಡ್ಡ ವಕೀಲರು!

ನಾಲ್ಕನೆಯ ಶಬ್ದ ‘ಆಯ್ಕೆ’. ಸೇವೆ ಹಿಡಿಸದಿದ್ದರೆ ಪೋರ್ಟ್ ಮಾಡಿಸಿಕೊಳ್ಳಿ ಎನ್ನುತ್ತಾರೆ. 2011ರ ಜನವರಿಯಲ್ಲಿ ಆ ಹಕ್ಕು ದೇಶಕ್ಕೆಲ್ಲ ಸಿಕ್ಕಾಗ ನಾನು ಕುಣಿದಾಡಿದ್ದೆ. ಆಮೇಲೆ ಏನಾಯಿತು? ಪೋರ್ಟ್ ಆಗಲು 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಕಂಪನಿಗಳು ಕಡಿಮೆ ದರದ ಪ್ಯಾಕಿನಿಂದ ಎಸ್ಸೆಮ್ಮೆಸ್ಸನ್ನೇ ತೆಗೆದುಹಾಕಿದವು. ಹೊರಗೆ ಹೋಗುವ ಬಾಗಿಲಿಗೇ ಕೀಲಿ. 2021ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶ ಮಾಡಿದ ಮೇಲೆ ಕೀಲಿ ತೆಗೆದರು. ಹೊರಗೆ ಬಂದರೆ ಹೋಗುವುದೆಲ್ಲಿಗೆ? ಒಂದು ಕಾಲಕ್ಕೆ ಹತ್ತಾರಿದ್ದ ಕಂಪನಿಗಳು ಈಗ ಮೂರು ಖಾಸಗಿ, ಒಂದು ಸರ್ಕಾರಿ. ಆ ಸರ್ಕಾರಿ ಕಂಪನಿಯ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು, ಜಿಯೋ ಬಂದ ಒಂಬತ್ತು ವರ್ಷಕ್ಕೆ. ಇನ್ನು ಒಂದೇ ಟವರ್ ಹಿಡಿಯುವ ಹಳ್ಳಿಯಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥವೇ ಇಲ್ಲ.

ಐದನೆಯದು ‘ದೂರು’. ನಮ್ಮ ಕಾಕಾನ ಫೋನಿನಲ್ಲಿ ಒಮ್ಮೆ ದಿನಾ ಮೂರು ರೂಪಾಯಿ ಕಡಿತವಾಗತೊಡಗಿತು. ಕ್ರಿಕೆಟ್ ಸ್ಕೋರಿನ ಸೇವೆಯಂತೆ. ಕಾಕಾ ಜನ್ಮದಲ್ಲಿ ಕ್ರಿಕೆಟ್ ನೋಡಿದವನಲ್ಲ. ನಾನು ಕಾಲ್ ಸೆಂಟರಿಗೆ ಫೋನು ಹಚ್ಚಿದೆ. ‘ನೀವೇ ಒತ್ತಿದ್ದೀರಿ’ ಎಂದರು. ಮೂರನೆಯ ಸಲ ಡಾಕೆಟ್ ನಂಬರು ಕೇಳಿ ಬರೆದುಕೊಂಡ ಮೇಲೆ ಹಣ ವಾಪಸ್ ಬಂತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಅಷ್ಟು ರೊಕ್ಕಕ್ಕ ಇಷ್ಟ್ಯಾಕ ಜಗಳಾಡ್ಲಿಕತ್ತೀ ತಮ್ಮಾ’ ಎಂದ ಕಾಕಾ. ಕಂಪನಿಗಳು ಬದುಕಿರುವುದೇ ಈ ಔದಾರ್ಯದ ಮೇಲೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆ. ಇಂಥ ಜಿಲ್ಲೆಯಲ್ಲಿ ಇಂಗ್ಲಿಷಿನ ಉತ್ತರವೆಂದರೆ ಉತ್ತರ ಕೊಡದಿರುವುದೇ.

ಇಷ್ಟೆಲ್ಲ ಸಿಟ್ಟು ಯಾಕೆಂದರೆ ನಂಬರು ಈಗ ಬರೀ ನಂಬರಲ್ಲ. ಆಧಾರ್, ಬ್ಯಾಂಕು, ಪಿಂಚಣಿ ಎಲ್ಲಕ್ಕೂ ಒಟಿಪಿ ಬರುವುದು ಅದಕ್ಕೇ. ನಿಯಮದ ಪ್ರಕಾರ 90 ದಿನ ಬಳಸದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಕಂಪನಿ ನಂಬರನ್ನು ಬಂದ್ ಮಾಡಬಹುದು, ಆಮೇಲೆ ಬೇರೆಯವರಿಗೆ ಮಾರಬಹುದು. ಗುಳೆ ಹೋದ ಕುಟುಂಬ ಖರ್ಚು ಉಳಿಸಲು ಮೊದಲು ನಿಲ್ಲಿಸುವುದು ಹೆಂಗಸರ ಫೋನಿನ ರೀಚಾರ್ಜ್. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಊರಿಗೆ ಮರಳುವಷ್ಟರಲ್ಲಿ ಅವಳ ನಂಬರು ಯಾರದೋ ಪಾಲಾಗಿ, ಅವಳ ಬ್ಯಾಂಕಿನ ಮೆಸೇಜು ಆ ಅಪರಿಚಿತರಿಗೆ ಹೋಗತೊಡಗಿತ್ತು. ಆಧಾರ್ ಕೇಂದ್ರದ ಪಾಳಿಗೆ ಎರಡು ದಿನ, ಬ್ಯಾಂಕಿಗೆ ಎರಡು ದಿನ, ಕೂಲಿ ಬಿಟ್ಟು ಅಲೆದಳು. ಸರ್ಕಾರ ಫೋನನ್ನು ಗುರುತಿನ ಚೀಟಿ ಮಾಡಿತು, ಚೀಟಿಯ ಬಾಡಿಗೆ ನಿಗದಿ ಮಾಡುವ ಅಧಿಕಾರವನ್ನು ವ್ಯಾಪಾರಿಗಳ ಕೈಲಿ ಬಿಟ್ಟಿತು. ನನ್ನ ಜಗಳದ ತಿರುಳು ಇದು.

ಬೇಕಾದದ್ದು ಹೆಚ್ಚೇನಲ್ಲ. ಕರೆ ಮಾತ್ರದ, 30 ದಿನದ, ಬಡವರ ಕೈಗೆಟಕುವ ಒಂದು ಪ್ಯಾಕು. ಪರಿಹಾರದ ಲೆಕ್ಕ ಜಿಲ್ಲೆಗಲ್ಲ, ಟವರಿಗೆ. ಬಂದ್ ಆದ ನಂಬರು ಬೇರೆಯವರಿಗೆ ಹೋಗುವ ಮುನ್ನ ಕನಿಷ್ಠ ಒಂದು ವರ್ಷದ ಗಡುವು. ದೂರಿಗೆ ಕನ್ನಡದಲ್ಲಿ ಲಿಖಿತ ಉತ್ತರ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೊಂದು ಮಾತು. ಮನೆಯಲ್ಲಿ ಎಲ್ಲರ ಫೋನು ನೋಡಿಕೊಡುವವರು ನೀವೇ ಅಲ್ಲವೇ? ರೀಚಾರ್ಜ್ ಮಾಡಿ ಸುಮ್ಮನಾಗಬೇಡಿ. 198ಕ್ಕೆ ಫೋನು ಹಚ್ಚಿ, ಡಾಕೆಟ್ ನಂಬರು ಬರೆದಿಡಿ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಅದು 39 ದಿನದಲ್ಲಿ ತೀರ್ಮಾನ ಹೇಳಬೇಕು. 2009ರ ಒಂದು ತೀರ್ಪಿನಿಂದ ಟೆಲಿಕಾಂ ಗ್ರಾಹಕರಿಗೆ ಮುಚ್ಚಿಕೊಂಡಿದ್ದ ಗ್ರಾಹಕ ನ್ಯಾಯಾಲಯದ ಬಾಗಿಲನ್ನು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೆರೆದಿದೆ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಮೂರು ರೂಪಾಯಿಗಾಗಿ ಅವರು ಸುಪ್ರೀಂ ಕೋರ್ಟಿಗೆ ಹೋಗಬಹುದಾದರೆ, ಕಾಕಾನ ಮೂರು ರೂಪಾಯಿಗಾಗಿ ನಾವು ಒಂದು ಅರ್ಜಿ ಬರೆಯಲಾರೆವೇ?